ಅಣ್ಣನೋ, ತಮ್ಮನೋ

ಅಮ್ಮಮ್ಮನ, ಅಂದರೆ ಅಪ್ಪಯ್ಯನ ತಾಯಿಯ, ವೈಕುಂಠ ಸಮಾರಾಧನೆಯ ದಿನ ಚಿಕ್ಕಪ್ಪ ಊಟದ ಬಾಳೆ ಬಿಟ್ಟು ಎದ್ದ. ಪಾಯಸ ಬಡಿಸಿ ಆಗಿತ್ತು, ಮಜ್ಜಿಗೆ ಇನ್ನೂ ಬಂದಿರಲಿಲ್ಲ. ಪಂಕ್ತಿಯಲ್ಲಿ ನೆಂಟರೆಲ್ಲ ಕೂತಿದ್ದರು. ಅಮ್ಮಮ್ಮನ ಆಸ್ಪತ್ರೆ ಖರ್ಚಿನ ಮಾತು ಯಾರ ಬಾಯಿಂದ ಬಂತೋ ಗೊತ್ತಿಲ್ಲ. ಅಪ್ಪಯ್ಯ ಎಲ್ಲರ ಎದುರಿಗೇ, "ನೀ ಎಷ್ಟು ಕೊಟ್ಟಿದ್ದೆ, ಲೆಕ್ಕ ಹೇಳು" ಅಂದುಬಿಟ್ಟ. ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ಬಾಳೆ ಮಡಚಿದ, ಕೈ ತೊಳೆದ, ಚಿಕ್ಕಿಯನ್ನು ಕರೆದುಕೊಂಡು ಕುಮಟೆ ಬಸ್ಸು ಹತ್ತಿದ. ಅದಾಗಿ 11 ವರ್ಷ.

ಇಂಥ ಮುನಿಸು ನಮ್ಮ ಕಡೆ ಹೊಸತಲ್ಲ. ಹಿಸ್ಸೆಯಲ್ಲೋ, ಬೇಣದ ಗಡಿಯಲ್ಲೋ, ತೋಟದ ನೀರಿನ ಪಾಳಿಯಲ್ಲೋ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಆಸ್ತಿಯ ತಕರಾರು ಇರಲೇ ಇಲ್ಲ. ಚಿಕ್ಕಪ್ಪ ಕುಮಟೆಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ. ತೋಟ ಅಣ್ಣನೇ ನೋಡಿಕೊಳ್ಳಲಿ ಅಂತ ಎಂದೋ ಒಪ್ಪಿಕೊಂಡಿದ್ದ. ಮುರಿದದ್ದು ಒಂದು ಮಾತಿನಿಂದ. ಮಾತಿನಿಂದ ಮುರಿದದ್ದನ್ನು ಕೋರ್ಟಿಗೆ ಒಯ್ಯಲು ಬರುವುದಿಲ್ಲ, ಪಂಚಾಯ್ತಿಗೆ ಕೂರಿಸಲು ಬರುವುದಿಲ್ಲ. ಅದು ಸುಮ್ನೆ ಉಳಿದುಕೊಳ್ಳುತ್ತದೆ. ಮದುವೆ ಮನೆಗಳಲ್ಲಿ ಇಬ್ಬರೂ ಬೇರೆ ಬೇರೆ ಪಂಕ್ತಿಗೆ ಕೂರುತ್ತಿದ್ದರು. ಆಯಿ ಮತ್ತು ಚಿಕ್ಕಿ ಮಾತ್ರ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದರು. ಅಪ್ಪಯ್ಯ ತೋಟಕ್ಕೆ ಇಳಿದ ಹೊತ್ತು ನೋಡಿಕೊಂಡು.

ನಾನು ಕೇಳಿದಾಗಲೆಲ್ಲ ಅಪ್ಪಯ್ಯನದು ಒಂದೇ ಉತ್ತರ. "ಎದ್ದು ಹೋದವ ಅಂವ. ಬಪ್ಪದೂ ಅಂವನೇ."

ಹೋದ ಮಳೆಗಾಲದಲ್ಲಿ ಅಪ್ಪಯ್ಯನ ಬಲಗಣ್ಣಿನ ಪೊರೆ ತೆಗೆಸಿದೆವು. ನಾನು ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ ಅಂತ ಕೇಳಿಕೊಂಡು ಎರಡು ತಿಂಗಳು ಊರಿಗೆ ಬಂದೆ. ಶಿರಸಿಯಿಂದ ಹದಿನೈದು ಕಿಲೋಮೀಟರು ಒಳಗೆ ನಮ್ಮ ಮನೆ. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ತಾಗಿಸಬಾರದು, ದಿನಕ್ಕೆ ಇಷ್ಟು ಸಲ ಔಷಧಿ ಬಿಡಬೇಕು. ಅಡಿಕೆಗೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆಸುವ ಹೊತ್ತು ಅದು. ಮೈಲುತುತ್ತು, ಸುಣ್ಣ ಕೂಡಿಸುವ ಜಾಗಕ್ಕೂ ಹೋಗದೆ ಅಪ್ಪಯ್ಯ ಜಗುಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ಜೀವನದಲ್ಲಿ ಮೊದಲ ಸಲ ಅವನಿಗೆ ಏನೂ ಕೆಲಸ ಇರಲಿಲ್ಲ.

ಆಗ ನನಗೆ ಆ ಸಿನಿಮಾ ನೆನಪಾಯಿತು.

1999ರ ಸಿನಿಮಾ, 'ದಿ ಸ್ಟ್ರೇಟ್ ಸ್ಟೋರಿ'. ನಿರ್ದೇಶಕ ಡೇವಿಡ್ ಲಿಂಚ್. ಕನಸಿನಂಥ, ದಿಗಿಲು ಹುಟ್ಟಿಸುವ ಸಿನಿಮಾಗಳಿಗೆ ಹೆಸರಾದವರು. ಆದರೆ ಈ ಒಂದನ್ನು ಮಾತ್ರ ಹಳ್ಳಿಯ ಹಿರಿಯರೊಬ್ಬರು ಎಲೆಅಡಿಕೆಯ ಕವಳ ಹಾಕುತ್ತ ಹೇಳಿದ ಕಥೆಯಷ್ಟು ನೇರವಾಗಿ ಮಾಡಿದ್ದಾರೆ. 2025ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ನಾನು ಅದನ್ನು ಮತ್ತೊಮ್ಮೆ ನೋಡಿದ್ದೆ. ನಿಜವಾಗಿ ನಡೆದ ಸಂಗತಿ ಅದು. ಅಮೆರಿಕದ ಐಯೊವಾ ರಾಜ್ಯದ ಲಾರೆನ್ಸ್ ಅನ್ನುವ ಸಣ್ಣ ಊರಿನ ಆಲ್ವಿನ್ ಸ್ಟ್ರೇಟ್ 1994ರಲ್ಲಿ, ತನ್ನ 73ನೇ ವಯಸ್ಸಿನಲ್ಲಿ, ಒಡಹುಟ್ಟಿದವನನ್ನು ನೋಡಲು ಹೊರಟ. ಅವನಿಗೆ ಪಾರ್ಶ್ವವಾಯು ಆಗಿದೆ ಅಂತ ಸುದ್ದಿ ಬಂದಿತ್ತು. ಸಿನಿಮಾದಲ್ಲಿ ಅವನ ಹೆಸರು ಲೈಲ್. ಇಬ್ಬರೂ ಮಾತಾಡದೆ ಹತ್ತು ವರ್ಷ. ಆಲ್ವಿನ್‌ಗೆ ಕಣ್ಣು ಸರಿ ಕಾಣುವುದಿಲ್ಲ, ಕಾರಿನ ಲೈಸೆನ್ಸ್ ಇಲ್ಲ, ಎರಡು ಕೋಲು ಊರದೆ ನಡೆಯಲು ಆಗುವುದಿಲ್ಲ. ಹುಲ್ಲು ಕತ್ತರಿಸುವ ಗಾಡಿಗೆ ಹಿಂದೊಂದು ಟ್ರೈಲರ್ ಕಟ್ಟಿಕೊಂಡು, ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಜಯಾನ್‌ವರೆಗೆ ಹೋದ. ಸುಮಾರು 240 ಮೈಲು. ಶಿರಸಿಯಿಂದ ಬೆಂಗಳೂರಿಗೆ ಹೋದಷ್ಟು ದೂರ. ಗಾಡಿ ಗಂಟೆಗೆ ಓಡುವುದು ಐದು ಮೈಲು. ಆರು ವಾರ ಹಿಡಿಯಿತು.

ನಮ್ಮ ಮನೆಯಿಂದ ಚಿಕ್ಕಪ್ಪನ ಮನೆಗೆ ಒಂದು ಘಟ್ಟ ಇಳಿದರೆ ಆಯಿತು.

ಮೊದಲು ನಾನು ಲ್ಯಾಪ್‌ಟಾಪ್ ಎದುರಿಟ್ಟು ಬಾಯಲ್ಲೇ ಹೇಳುತ್ತ ಹೋಗೋಣ ಅಂದುಕೊಂಡೆ. ಹತ್ತು ನಿಮಿಷಕ್ಕೆ ಸಾಕಾಯಿತು. ನಾನು ಮಾತಾಡಿದರೆ ಅಪ್ಪಯ್ಯ ನನ್ನ ಮುಖ ನೋಡುತ್ತಿದ್ದ, ತೆರೆ ನೋಡುತ್ತಿರಲಿಲ್ಲ. ಆ ಸಿನಿಮಾದಲ್ಲಿ ನೋಡಬೇಕಾದ್ದು ಮುಖ. ರಿಚರ್ಡ್ ಫಾರ್ನ್ಸ್‌ವರ್ತ್ ಅನ್ನುವ ಮುದುಕನ ಮುಖ. ಅವರು ಹತ್ತಾರು ವರ್ಷ ಕುದುರೆ ಸವಾರಿಯ ಸ್ಟಂಟ್ ಮಾಡಿ ಬದುಕಿದವರು. ಈ ಸಿನಿಮಾ ಮಾಡುವಾಗ ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ತೆರೆಯ ಮೇಲೆ ಅವರು ಕಷ್ಟಪಟ್ಟು ಏಳುವುದು, ಕೂರುವುದು, ಆ ನೋವು ನಿಜದ್ದೇ. 79ನೇ ವಯಸ್ಸಿನಲ್ಲಿ ಆಸ್ಕರ್‌ಗೆ ಅವರ ಹೆಸರು ಹೋಯಿತು. 2000ನೇ ಇಸವಿಯಲ್ಲಿ ತೀರಿಕೊಂಡರು. ಅಂಥ ಮುಖದ ಮೇಲೆ ನನ್ನ ಮಾತು ಸುರಿಯುವುದು ತಪ್ಪು ಅನ್ನಿಸಿತು. ಕನ್ನಡದಲ್ಲಿ ಸಬ್‌ಟೈಟಲ್ ಬರೆದುಕೊಡುತ್ತೇನೆ ಅಂತ ಅವತ್ತೇ ನಿರ್ಧಾರ ಮಾಡಿದೆ. ಅಪ್ಪಯ್ಯ ದಿನಾ ಪೇಪರ್ ಓದುವವ. ಅಕ್ಷರ ದೊಡ್ಡದಿದ್ದರೆ ಓದುತ್ತಾನೆ.

ಈ ಕೆಲಸ ನಾನು ಹಿಂದೆ ಮಾಡಿರಲಿಲ್ಲ. ಆದರೆ ಅದೇನೂ ದೊಡ್ಡ ವಿದ್ಯೆ ಅಲ್ಲ, ತಾಳ್ಮೆ ಬೇಕು ಅಷ್ಟೇ. ಸಬ್‌ಟೈಟಲ್ ಫೈಲು ಅಂದರೆ ಒಂದು ಸಾದಾ ಬರಹದ ಫೈಲು. ಒಂದು ಅಂಕಿ, ಅದರ ಕೆಳಗೆ ಮಾತು ಶುರುವಾಗುವ ಹೊತ್ತು ಮತ್ತು ಮುಗಿಯುವ ಹೊತ್ತು, ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ. ಅದರ ಕೆಳಗೆ ಮಾತು. ಆಮೇಲೆ ಒಂದು ಸಾಲು ಖಾಲಿ. ಮತ್ತೆ ಮುಂದಿನ ಅಂಕಿ. ಸಬ್‌ಟೈಟಲ್ ಎಡಿಟ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಧ್ವನಿಯ ಗೆರೆ ಕಣ್ಣಿಗೆ ಕಾಣುತ್ತದೆ, ಮಾತು ಎಲ್ಲಿ ಏಳುತ್ತದೆ ಎಲ್ಲಿ ಬೀಳುತ್ತದೆ ನೋಡಿಕೊಂಡು ಹೊತ್ತು ಹಾಕಬಹುದು. ಫೈಲನ್ನು ಯುಟಿಎಫ್-8 ಅಂತ ಉಳಿಸಬೇಕು. ನಾನು ಮೊದಲ ದಿನ ಅದನ್ನು ಮಾಡಲಿಲ್ಲ. ಬರೆದ ಕನ್ನಡ ಎಲ್ಲ ಬರೀ ಪ್ರಶ್ನೆ ಚಿಹ್ನೆಗಳಾಗಿ ಕೂತಿತ್ತು, ಮತ್ತೆ ಬರೆಯಬೇಕಾಯಿತು.

ಇನ್ನೊಂದು ತೊಂದರೆ ಬಂತು. ಹೊತ್ತಿನ ಲೆಕ್ಕಕ್ಕೆ ನಾನು ಇಂಗ್ಲಿಷ್ ಸಬ್‌ಟೈಟಲನ್ನೇ ಆಧಾರ ಇಟ್ಟುಕೊಂಡಿದ್ದೆ. ಶುರುವಿನಲ್ಲಿ ಸರಿಯಾಗಿಯೇ ಇತ್ತು. ಅರ್ಧ ಸಿನಿಮಾಕ್ಕೆ ಬಂದರೆ ಮಾತು ಮುಗಿದು ಎರಡು ನಿಮಿಷ ಆದ ಮೇಲೆ ಸಾಲು ಬರುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಸಿನಿಮಾದ ರೀಲು ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ನನ್ನ ಹತ್ತಿರದ ಡಿವಿಡಿ 25ರ ಲೆಕ್ಕದ್ದು. ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತದೆ. 112 ನಿಮಿಷದ ಸಿನಿಮಾದಲ್ಲಿ ಕೊನೆಗೆ ನಾಲ್ಕು ನಿಮಿಷಕ್ಕೂ ಜಾಸ್ತಿ ವ್ಯತ್ಯಾಸ ಬಂದುಬಿಡುತ್ತದೆ. ತಂತ್ರಾಂಶದಲ್ಲೇ ಇದನ್ನು ಒಂದೇ ಸಲಕ್ಕೆ ಸರಿಮಾಡುವ ದಾರಿ ಇದೆ. ನನಗೆ ಗೊತ್ತಾಗುವ ಹೊತ್ತಿಗೆ ಎರಡು ರಾತ್ರಿ ಹೋಗಿತ್ತು.

ಕನ್ನಡದ್ದೇ ಆದ ಕಷ್ಟವೂ ಒಂದಿದೆ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಹಾಕಬಾರದು. ಆದರೆ ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಇ-ಕಾರ ಎ-ಕಾರ ಮೇಲೆ ಏಳುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗಿ ಎರಡೂ ಕಲಸಿಹೋಗುತ್ತದೆ. ಅಪ್ಪಯ್ಯನ ಕಣ್ಣಿಗೆ ಅಂತ ಅಕ್ಷರ ದೊಡ್ಡದು ಮಾಡಿದಷ್ಟೂ ಇದು ಜಾಸ್ತಿ. ಕೊನೆಗೆ ಆದಷ್ಟು ಒಂದೇ ಸಾಲಿನಲ್ಲಿ ಮುಗಿಸಲು ಕಲಿತೆ. ಇದರಿಂದ ಒಂದು ಉಪಕಾರವೂ ಆಯಿತು. ಮಾತು ತಾನಾಗಿ ಸಣ್ಣದಾಯಿತು. ನಮ್ಮ ಕಡೆಯ ಗಂಡಸರು ಮಾತಾಡುವಷ್ಟೇ ಆಯಿತು. ಆಲ್ವಿನ್ ಕೂಡ ಅಷ್ಟೇ ಮಾತಾಡುವವನು.

ಮೈಲನ್ನು ಮೈಲು ಅಂತಲೇ ಇಟ್ಟೆ. ಅಪ್ಪಯ್ಯನ ತಲೆಮಾರಿನವರಿಗೆ ಅದೇ ಸಲೀಸು. ಮಗಳು ರೋಸ್ ಅಪ್ಪನ ಹತ್ತಿರ ಮಾತಾಡುವಾಗ 'ನೀನು' ಅಂತ ಬರೆದೆ. ನಮ್ಮ ಮನೆಯಲ್ಲಿ ಅಪ್ಪನಿಗೆ ನೀವು ಅನ್ನುವ ರೂಢಿ ಇಲ್ಲ, ಹಾಗೆ ಬರೆದರೆ ಅಪ್ಪಯ್ಯನಿಗೆ ಅವರು ಪರಕೀಯರಾಗಿಬಿಡುತ್ತಾರೆ. ಹೀಗೆ ಕೆಲಸ ಸಾಗುತ್ತಿತ್ತು. ರಾತ್ರಿ ಊಟ ಆದ ಮೇಲೆ ಕೂರುತ್ತಿದ್ದೆ. ಹೊರಗೆ ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಆಯಿ ಒಂದು ಲೋಟ ಬಿಸಿ ಕಷಾಯ ಇಟ್ಟು ಮಲಗಲು ಹೋಗುತ್ತಿದ್ದಳು.

ಆಮೇಲೆ 'ಬ್ರದರ್' ಅನ್ನುವ ಶಬ್ದಕ್ಕೆ ಬಂದು ನಿಂತೆ.

ಆಲ್ವಿನ್ ದಾರಿಯಲ್ಲಿ ಸಿಕ್ಕವರಿಗೆಲ್ಲ ತಾನು ಎಲ್ಲಿಗೆ ಹೊರಟಿದ್ದೇನೆ ಅಂತ ಹೇಳುತ್ತಾನೆ. ಬ್ರದರ್‌ನ ನೋಡಲು. ಇಂಗ್ಲಿಷಿನಲ್ಲಿ ಅಷ್ಟು ಸಾಕು. ಕನ್ನಡದಲ್ಲಿ ಅಷ್ಟು ಹೇಳಲು ಬರುವುದಿಲ್ಲ. ಅಣ್ಣನನ್ನು ನೋಡಲೋ, ತಮ್ಮನನ್ನು ನೋಡಲೋ? ಆರಿಸಲೇಬೇಕು. ಒಂದು ಸಲ ಆರಿಸಿದರೆ ಇಡೀ ಸಿನಿಮಾಕ್ಕೆ ಅದೇ ಆಯಿತು. ಬೇರೆ ಮನೆಯಲ್ಲಾದರೆ ಇದು ಒಂದು ಶಬ್ದದ ಮಾತು. ನಮ್ಮ ಮನೆಯಲ್ಲಿ ಜಗಳ ಇದ್ದದ್ದೇ ಅಲ್ಲಿ. ಯಾರು ಯಾರ ಮನೆಗೆ ಹೋಗಬೇಕು ಅನ್ನುವುದರಲ್ಲಿ.

ಆಸೆ ಆಗಲಿಲ್ಲ ಅಂತ ಹೇಳಲಾರೆ. ಆಲ್ವಿನ್‌ನನ್ನು ಅಣ್ಣ ಮಾಡಿಬಿಟ್ಟರೆ ಮುಗಿಯಿತು. ಅಣ್ಣನಾದವ ಕೋಲೂರಿಕೊಂಡು, ಗಾಡಿ ಕಟ್ಟಿಕೊಂಡು ತಮ್ಮನ ಬಾಗಿಲಿಗೆ ಹೋದ. ಅಪ್ಪಯ್ಯನಿಗೆ ತಾಗುತ್ತದೆ. ಬರೆದೂ ಬರೆದೆ. "ತಮ್ಮನ ನೋಡಲು ಹೋಗ್ತಿದ್ದೇನೆ." ಮರುದಿನ ಬೆಳಿಗ್ಗೆ ಅದನ್ನು ಓದಿದಾಗ ಮನಸ್ಸಿಗೆ ಕಸಿವಿಸಿ ಆಯಿತು. ಅಪ್ಪಯ್ಯ ನನ್ನ ಅಕ್ಷರವನ್ನು ನಂಬಿ ಓದುತ್ತಾನೆ. ಅವನಿಗೆ ಬೇರೆ ದಾರಿಯೇ ಇಲ್ಲ. ಆ ನಂಬಿಕೆಯ ಒಳಗೆ ನಾನೊಂದು ಬುದ್ಧಿಮಾತು ಬಚ್ಚಿಡುವುದು ಮೋಸ ಅಲ್ವಾ?

ಆಯಿಯ ಹತ್ತಿರ ಕೇಳಿದೆ. ಅವಳು ಮೆಟ್ಟುಗತ್ತಿಯ ಮೇಲೆ ಕೂತು ಮೊಗೆಕಾಯಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು. ಹಿಂದೊಮ್ಮೆ ಅವಳೂ ಅಪ್ಪಯ್ಯನ ಹತ್ತಿರ, ನೀವೇ ದೊಡ್ಡವರು, ನೀವೇ ಒಂದು ಸಲ ಹೋಗಿ ಬನ್ನಿ ಅಂದಿದ್ದಳಂತೆ. ಅದಕ್ಕೆ ಅಪ್ಪಯ್ಯ ತಾಳಮದ್ದಲೆಯ ಮಾತು ತಂದನಂತೆ. ಪಾದುಕಾ ಪ್ರದಾನದಲ್ಲಿ ಕಾಡಿಗೆ ಹುಡುಕಿಕೊಂಡು ಬಂದದ್ದು ಯಾರು? ಭರತ. ತಮ್ಮ. ರಾಮ ಅಯೋಧ್ಯೆಗೆ ಹೋದನಾ? ಅಪ್ಪಯ್ಯ ಪ್ರಾಯದಲ್ಲಿ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವ. ಮಾತಿನಲ್ಲಿ ಅವನನ್ನು ಸೋಲಿಸುವುದು ನಮ್ಮಿಬ್ಬರಿಂದಲೂ ಆಗದ ಕೆಲಸ.

ಅವತ್ತು ರಾತ್ರಿ ನಾನು ಬರೆದದ್ದನ್ನೆಲ್ಲ ಅಳಿಸಿದೆ. ಎಲ್ಲೆಲ್ಲಿ ಆಗುತ್ತದೋ ಅಲ್ಲೆಲ್ಲ 'ಲೈಲ್' ಅಂತ ಹೆಸರೇ ಹಾಕಿದೆ. ಹೆಸರು ಸಾಲದ ಕಡೆ 'ಒಡಹುಟ್ಟಿದವ' ಅಂತ ಬರೆದೆ. ಕೆಲವು ಕಡೆ ಅದು ತೊಡಕಾಗಿ ಕೇಳುತ್ತದೆ, ನನಗೆ ಗೊತ್ತು. ಯಾರೂ ರಸ್ತೆಯಲ್ಲಿ ನಿಂತು 'ನನ್ನ ಒಡಹುಟ್ಟಿದವ' ಅನ್ನುವುದಿಲ್ಲ. ಆದರೂ ಅದೇ ಇರಲಿ ಅನ್ನಿಸಿತು. ಇಪ್ಪತ್ತೊಂದನೇ ರಾತ್ರಿಗೆ ಕೆಲಸ ಮುಗಿಯಿತು.

ಒಂದು ಸಂಜೆ ದೀಪ ಹಚ್ಚಿದ ಮೇಲೆ ಹಾಕಿದೆ. ಜಗುಲಿಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಎದುರಿಗೆ ಅಪ್ಪಯ್ಯನ ಕುರ್ಚಿ, ಪಕ್ಕದಲ್ಲಿ ಕವಳದ ಬಟ್ಟಲು. ಆಯಿ ಬಾಗಿಲ ಹತ್ತಿರ ಕೂತಳು. ಕರೆಂಟು ಮಧ್ಯಾಹ್ನವೇ ಹೋಗಿತ್ತು. ಬ್ಯಾಟರಿ ಇದ್ದಷ್ಟು ಹೊತ್ತು ನೋಡೋಣ ಅಂತ ಶುರು ಮಾಡಿದೆವು. ಹೀಗಾಗಿ ಇಡೀ ಸಿನಿಮಾ ನೋಡಲು ಮೂರು ಸಂಜೆ ಬೇಕಾಯಿತು. ಒಂದೇ ಸಲಕ್ಕೆ ನೋಡಿದ್ದರೆ ಅಷ್ಟು ಇಳಿಯುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ನಿಧಾನದ ಸಿನಿಮಾ ಅದು. ನಿಧಾನವಾಗಿಯೇ ನೋಡಿದೆವು.

ಮೊದಲ ಸಂಜೆ ಅಪ್ಪಯ್ಯನ ಗಮನ ಎಲ್ಲ ಗಾಡಿಯ ಮೇಲೆ. ಮೊದಲನೇ ಗಾಡಿ ದಾರಿಯಲ್ಲೇ ಕೆಟ್ಟು ನಿಲ್ಲುತ್ತದೆ. ಆಲ್ವಿನ್ ಮನೆಗೆ ವಾಪಸು ಬಂದು 1966ರ ಜಾನ್ ಡೀರ್ ಗಾಡಿ ಕೊಂಡು ಮತ್ತೆ ಹೊರಡುತ್ತಾನೆ. "ನಮ್ಮ ಟಿಲ್ಲರ್ ಹಾಂಗೇ ಇದ್ದು" ಅಂದ ಅಪ್ಪಯ್ಯ. ನಮ್ಮಲ್ಲೂ ಪವರ್ ಟಿಲ್ಲರಿಗೆ ಟ್ರೈಲರ್ ಸಿಕ್ಕಿಸಿ ಗೊಬ್ಬರ, ಸೊಪ್ಪು, ಅಡಿಕೆ ಎಲ್ಲ ಸಾಗಿಸುತ್ತೇವೆ. ಅದರ ಮೇಲೆ ಕೂತು ಒಂದು ತಾಸು ಹೋದರೆ ಸೊಂಟ ಹಿಡಿದುಕೊಳ್ಳುತ್ತದೆ. ಆರು ವಾರ ಅಂದರೆ ಏನು ಅಂತ ಅಪ್ಪಯ್ಯನಿಗೆ ನನಗಿಂತ ಚೆನ್ನಾಗಿ ಗೊತ್ತು.

ಎರಡನೇ ಸಂಜೆ, ಮನೆ ಬಿಟ್ಟು ಓಡಿಬಂದ ಬಸುರಿ ಹುಡುಗಿಯೊಬ್ಬಳು ಆಲ್ವಿನ್ ಹಾಕಿದ ಬೆಂಕಿಯ ಹತ್ತಿರ ಬಂದು ಕೂರುತ್ತಾಳೆ. ಅವನು ಅವಳಿಗೆ ಕಡ್ಡಿಯ ಮಾತು ಹೇಳುತ್ತಾನೆ. ಒಂದು ಕಡ್ಡಿ ಸುಲಭವಾಗಿ ಮುರಿಯುತ್ತದೆ, ಕಟ್ಟಿದ ಕಟ್ಟು ಮುರಿಯುವುದಿಲ್ಲ, ಆ ಕಟ್ಟೇ ಸಂಸಾರ. ಅಪ್ಪಯ್ಯ ತಟ್ಟನೆ ಆಯಿಯ ಕಡೆ ತಿರುಗಿದ. ಇದು ನಮ್ಮ ಶಾಲೆ ಪುಸ್ತಕದ ಕಥೆ ಅಲ್ಲವಾ, ಅಲ್ಲಿಗೂ ಹೋಗಿದೆಯಲ್ಲ ಅಂತ ಅವನಿಗೆ ಆಶ್ಚರ್ಯ. ಮರುದಿನ ಬೆಳಗಾದಾಗ ಹುಡುಗಿ ಇಲ್ಲ. ಅವಳು ಕೂತ ಜಾಗದಲ್ಲಿ ಒಂದು ಹಿಡಿ ಕಡ್ಡಿಯ ಕಟ್ಟು ಇರುತ್ತದೆ. ಅಲ್ಲಿ ಮಾತಿಲ್ಲ. ನಾನೂ ಏನೂ ಬರೆದಿರಲಿಲ್ಲ. ಅಪ್ಪಯ್ಯ ಕವಳ ಕಟ್ಟುತ್ತಿದ್ದ ಕೈ ಹಾಗೇ ನಿಂತಿತ್ತು. ಬೆರಳ ತುದಿಯಲ್ಲಿ ಸುಣ್ಣ ಒಣಗಿಹೋಯಿತು.

ಇಳಿಜಾರಿನಲ್ಲಿ ಗಾಡಿ ಹಿಡಿತ ತಪ್ಪಿ ಓಡುವ ದೃಶ್ಯ ಬಂದಾಗ ಇಬ್ಬರೂ ಕುರ್ಚಿ ಬಿಟ್ಟು ಅರ್ಧ ಎದ್ದಿದ್ದರು. ಘಟ್ಟದ ರಸ್ತೆ ಕಂಡವರಿಗೆ ಆ ಹೆದರಿಕೆ ವಿವರಿಸಬೇಕಾಗಿಲ್ಲ.

ಮೂರನೇ ಸಂಜೆ. ಆಲ್ವಿನ್ ಒಂದು ಸ್ಮಶಾನದ ಪಕ್ಕ ರಾತ್ರಿ ಉಳಿಯುತ್ತಾನೆ. ಅಲ್ಲಿಯ ಪಾದ್ರಿ ಬಂದು ಮಾತಾಡಿಸುತ್ತಾನೆ. ಜಗಳ ಯಾಕಾಯಿತು ಅನ್ನುವುದು ಅಲ್ಲಿ ಬರುತ್ತದೆ. ಸಿಟ್ಟು, ಅಹಂಕಾರ, ಮೇಲಿಂದ ಕುಡಿತ. ಇಷ್ಟು ಬಿಟ್ಟರೆ ಬೇರೆ ದೊಡ್ಡ ಕಾರಣ ಏನಿಲ್ಲ. ಈಗ ಅದೆಲ್ಲ ತನಗೆ ಮುಖ್ಯ ಅಲ್ಲ, ಪಕ್ಕದಲ್ಲಿ ಕೂತು ನಕ್ಷತ್ರ ನೋಡಬೇಕು, ಸಣ್ಣವರಿದ್ದಾಗ ನೋಡುತ್ತಿದ್ದ ಹಾಗೆ, ಅನ್ನುತ್ತಾನೆ. ಆಗ ಅಪ್ಪಯ್ಯ ಕೈ ಎತ್ತಿ ನಿಲ್ಲಿಸಲು ಹೇಳಿದ. ನಿಲ್ಲಿಸಿದೆ.

"ಕೂಸೆ, ಇಂವ ಅಣ್ಣನ, ತಮ್ಮನ?"

ನನಗೆ ಎದೆ ಹೊಡೆದುಕೊಂಡಿತು. ಮೂರು ಸಂಜೆಯಿಂದ ನಾನು ಕಾಯುತ್ತಿದ್ದ ಪ್ರಶ್ನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಶಬ್ದ, ಅದಕ್ಕೇ ಹಾಗೆ ಬರೆದೆ ಅಂದೆ. ಅಣ್ಣ ತಮ್ಮ ಅನ್ನುವುದಕ್ಕೆ ಬೇರೆ ಬೇರೆ ಶಬ್ದವೇ ಇಲ್ಲವಾ ಅಂತ ಕೇಳಿದ. ಬೇಕಾದರೆ ದೊಡ್ಡವ ಸಣ್ಣವ ಅಂತ ಸೇರಿಸಿ ಹೇಳುತ್ತಾರೆ, ಇಲ್ಲದಿದ್ದರೆ ಇಲ್ಲ ಅಂದೆ. ಅಪ್ಪಯ್ಯ ಅಂಗಳದ ಕಡೆ ನೋಡುತ್ತ ಕೂತ. ಮಳೆ ಹನಿ ನಿಂತಿತ್ತು, ದರೆಯ ಮೇಲಿಂದ ನೀರು ಇಳಿಯುವ ಸದ್ದು ಮಾತ್ರ. ಸುಮಾರು ಹೊತ್ತಾದ ಮೇಲೆ "ಹಾಕು" ಅಂದ.

ಕೊನೆಯ ದೃಶ್ಯಕ್ಕೆ ನನ್ನ ಫೈಲಿನಲ್ಲಿ ಇದ್ದದ್ದು ಬೆರಳೆಣಿಕೆಯ ಸಾಲು. ಆಲ್ವಿನ್ ಮನೆಯ ಎದುರು ಗಾಡಿ ನಿಲ್ಲಿಸಿ ಕೂಗುತ್ತಾನೆ. ಲೈಲ್ ಹೊರಗೆ ಬರುತ್ತಾನೆ. ಆ ಪಾತ್ರ ಮಾಡಿದ್ದು ಹ್ಯಾರಿ ಡೀನ್ ಸ್ಟ್ಯಾಂಟನ್. ಇಡೀ ಸಿನಿಮಾದಲ್ಲಿ ಅವರು ಇರುವುದು ಇಷ್ಟೇ ಹೊತ್ತು. ಇಬ್ಬರೂ ಕೂರುತ್ತಾರೆ. ಲೈಲ್ ಆ ಗಾಡಿಯನ್ನು ನೋಡುತ್ತಾನೆ, ನನ್ನ ನೋಡಲು ಅಷ್ಟು ದೂರ ಇದರ ಮೇಲೇ ಬಂದೆಯಾ ಅಂತ ಕೇಳುತ್ತಾನೆ. ಹೌದು ಅನ್ನುತ್ತಾನೆ ಆಲ್ವಿನ್. ಅಷ್ಟೇ. ತಪ್ಪಾಯಿತು ಅನ್ನುವುದಿಲ್ಲ, ಕ್ಷಮಿಸು ಅನ್ನುವುದಿಲ್ಲ. ಲೈಲ್‌ನ ಕಣ್ಣು ತುಂಬುತ್ತದೆ. ಇಬ್ಬರೂ ತಲೆ ಎತ್ತಿ ಆಕಾಶ ನೋಡುತ್ತಾರೆ.

ಬರೆಯುವಾಗ ಇಲ್ಲಿ ನನಗೆ ಕೈ ತಡೆಯಲು ಕಷ್ಟ ಆಗಿತ್ತು. ಏನಾದರೂ ಒಂದು ಸಾಲು ಸೇರಿಸೋಣ ಅನ್ನಿಸಿತ್ತು. ಸೇರಿಸದೆ ಬಿಟ್ಟದ್ದು ನಾನು ಆ ಮೂರು ವಾರದಲ್ಲಿ ಮಾಡಿದ ಒಳ್ಳೆಯ ಕೆಲಸ.

ಸಿನಿಮಾ ಮುಗಿಯಿತು. ಆಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಪ್ಪಯ್ಯ ಕಣ್ಣಿಗೆ ಔಷಧಿ ಬಿಡುವ ಹೊತ್ತಾಯಿತು ಅಂತ ಅಷ್ಟೇ ಹೇಳಿದ. ತಲೆ ಹಿಂದಕ್ಕೆ ಒರಗಿಸಿ ಕೂತ. ನಾನು ಹನಿ ಬಿಟ್ಟೆ. ಕಣ್ಣು ಮುಚ್ಚಿಕೊಂಡೇ ಹೇಳಿದ.

"ಹೊರಟವ ಅಣ್ಣನೇ ಆಗಿರವು."

ಆಮೇಲೆ ಎಷ್ಟೋ ವಾರ ಅದರ ಸುದ್ದಿ ಇಲ್ಲ. ನಾನೂ ಕೇಳಲಿಲ್ಲ. ಒಂದು ಮಾತು ಕೆದಕಿ ಹಾಳಾದದ್ದನ್ನು ಮತ್ತೊಂದು ಮಾತು ಕೆದಕಿ ಸರಿ ಮಾಡಲು ಆಗುವುದಿಲ್ಲ ಅಂತ ಅನ್ನಿಸಿತ್ತು. ಕಪ್ಪು ಕನ್ನಡಕ ಹೋಯಿತು, ಹೊಸ ಕನ್ನಡಕ ಬಂತು. ಅಪ್ಪಯ್ಯ ತೋಟಕ್ಕೆ ಇಳಿಯಲು ಶುರುಮಾಡಿದ. ಆ ವರ್ಷ ಮಳೆ ಬಿಡಲೇ ಇಲ್ಲ, ಕೊಳೆಗೆ ಬಹಳ ಅಡಿಕೆ ಉದುರಿತು. ಒಂದು ದಿನ ಉದುರಿದ ಕಾಯಿ ಹೆಕ್ಕುತ್ತಿದ್ದಾಗ ಆಯಿಗೆ ಫೋನು ಬಂತು, ಅಪ್ಪಯ್ಯ ಪಕ್ಕದಲ್ಲೇ ಇದ್ದ. ಚಿಕ್ಕಿಯ ಫೋನು. ಯಾವಾಗಿನ ಹಾಗೆ ಆಯಿ ದೂರ ಹೋಗಲಿಲ್ಲ. ಅಲ್ಲೇ ನಿಂತು ಮಾತಾಡಿದಳು. ಫೋನು ಇಟ್ಟ ಮೇಲೆ ಹೇಳಿದಳು, ನಿಮ್ಮ ಕಣ್ಣು ಹೇಗಿದೆ ಅಂತ ಚಿಕ್ಕಪ್ಪ ಕೇಳಲು ಹೇಳಿದನಂತೆ. ಅಪ್ಪಯ್ಯ ಕಾಯಿ ಹೆಕ್ಕುತ್ತಲೇ ಇದ್ದ. ಬುಟ್ಟಿ ತುಂಬಿದ ಮೇಲೆ ಕೇಳಿದ, ಘಟ್ಟದಲ್ಲಿ ಬಸ್ಸು ಬಿಟ್ಟಿದ್ದಾರಾ?

ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದಾಗಿಂದ ಮಳೆಗಾಲದಲ್ಲಿ ಆ ದಾರಿಯದ್ದು ಹೀಗೇ ಅಂತ ಹೇಳಲು ಬರುವುದಿಲ್ಲ. ನವರಾತ್ರಿ ಮುಗಿಯಲಿ ಅಂದುಕೊಂಡೆವು. ಅಡಿಕೆ ಗೊನೆ ಕೊಯ್ಲು ಶುರುವಾದರೆ ಮತ್ತೆ ಮನೆ ಬಿಡಲು ಆಗುವುದಿಲ್ಲ. ಅದರ ನಡುವೆ ಒಂದು ಬುಧವಾರ ಹೊರಟೆವು, ಅಪ್ಪಯ್ಯ ಮತ್ತು ನಾನು. ನಾನು ರಜೆ ಹಾಕಿ ಬಂದಿದ್ದೆ. ಕಾರು ಮಾಡೋಣ ಅಂ​ದೆ. ಬೇಡ, ಬಸ್ಸಿಗೇ ಹೋಗೋಣ ಅಂದ. ಬೆಳಿಗ್ಗೆ ತಾನೇ ತೋಟಕ್ಕೆ ಹೋಗಿ ಎಲೆಬಳ್ಳಿಯಿಂದ ಎಲೆ ಕೊಯ್ದು, ಬಾಳೆಪಟ್ಟೆಯಲ್ಲಿ ಒದ್ದೆ ಮಾಡಿ ಸುತ್ತಿದ. ಘಟ್ಟದ ಕೆಳಗೆ ಸಿಗುವ ಎಲೆ ಚಿಕ್ಕಪ್ಪನಿಗೆ ಸೇರುತ್ತಿರಲಿಲ್ಲ, ಹನ್ನೊಂದು ವರ್ಷದ ಹಿಂದೆ. ಆಯಿ ಜೋನಿಬೆಲ್ಲದ ಡಬ್ಬಿ, ಮಿಡಿ ಉಪ್ಪಿನಕಾಯಿ ಕೊಟ್ಟಳು.

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ರಾಗಿಹೊಸಳ್ಳಿ ದಾಟುವವರೆಗೂ ಅಪ್ಪಯ್ಯ ತೋಟಗಳ ಸುದ್ದಿ ಹೇಳುತ್ತಿದ್ದ. ದೇವಿಮನೆ ಬಂದಾಗ ಕೈ ಮುಗಿದ. ಅಲ್ಲಿಂದ ಕೆಳಗೆ ಮಾತು ನಿಂತಿತು. ತಿರುವು ಇಳಿಯುತ್ತ ಹೋದ ಹಾಗೆ ಸೆಕೆ ಏರುತ್ತದೆ, ಗಾಳಿ ಬದಲಾಗುತ್ತದೆ. ಕತಗಾಲ ಬಂತು. ದಿವಗಿಯ ಹತ್ತಿರ ಅಘನಾಶಿನಿ ಕೆಂಪಗೆ ತುಂಬಿಕೊಂಡಿತ್ತು. ಅಪ್ಪಯ್ಯ ಬಾಳೆಪಟ್ಟೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದ. ನಾವು ಬರುವುದು ಚಿಕ್ಕಿಗೆ ಗೊತ್ತಿತ್ತು. ಚಿಕ್ಕಪ್ಪನಿಗೆ ಹೇಳಿದ್ದಳೋ ಇಲ್ಲವೋ, ನಾನು ಕೇಳಿರಲಿಲ್ಲ.

ಆಟೋ ಇಳಿದಾಗ ಚಿಕ್ಕಪ್ಪ ಗೇಟಿನ ಹತ್ತಿರವೇ ನಿಂತಿದ್ದ. ಪೂರಾ ಬೆಳ್ಳಗಾಗಿದ್ದ. ಬೆನ್ನು ಸ್ವಲ್ಪ ಬಾಗಿತ್ತು. ಅಪ್ಪಯ್ಯ ಎರಡು ಹೆಜ್ಜೆ ಮುಂದೆ ಹೋಗಿ ನಿಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಣ್ಣ, ಬಸ್ಸಿಗೆ ಬಂದ್ಯ?"

"ಹೌದು. ಬಸ್ಸಿಗೇ."

ನಾನು ಮುಖ ತಿರುಗಿಸಿ ಆಟೋದವನಿಗೆ ದುಡ್ಡು ಎಣಿಸಿ ಕೊಟ್ಟೆ. ಎರಡು ಸಲ ಎಣಿಸಿದೆ. ನನ್ನ ಫೈಲಿನ ಸಾಲುಗಳನ್ನು ಚಿಕ್ಕಪ್ಪ ಓದಿಲ್ಲ, ಆ ಸಿನಿಮಾದ ಹೆಸರೂ ಅವನಿಗೆ ಗೊತ್ತಿಲ್ಲ.

ಚಿಕ್ಕಿ ಹೊರಗೆ ಬಂದು, "ಭಾವ, ಒಳಗೆ ಬನ್ನಿ, ಆಸ್ರಿಗೆ ಎಂತ ಬೇಕು" ಅಂದಳು. ದನಿ ನಡುಗುತ್ತಿತ್ತು. ಬೆಲ್ಲ ನೀರು ಬಂತು. ಅಪ್ಪಯ್ಯ ಎಲೆಯ ಕಟ್ಟು ಬಿಚ್ಚಿದ. ಚಿಕ್ಕಪ್ಪ ಒಂದು ಎಲೆ ತೆಗೆದು ಬೆಳಕಿಗೆ ಹಿಡಿದು ನೋಡಿದ, ತೊಟ್ಟು ಮುರಿದ, ಮೂಸಿದ. ಯಾವ ಬಳ್ಳಿಯದು ಅಂತ ಕೇಳಿದ. ಅಬ್ಬಿಯ ಪಕ್ಕದ ಮರದ್ದು ಅಂದ ಅಪ್ಪಯ್ಯ. ಅದು ಇನ್ನೂ ಇದೆಯಾ ಅಂದ ಚಿಕ್ಕಪ್ಪ. ಆ ಬಳ್ಳಿಯನ್ನು ಅವನೇ ನೆಟ್ಟದ್ದಂತೆ, ಪಿಯುಸಿ ಓದುವಾಗ. ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಲೆಕ್ಕದ ಮಾತು ಬರಲಿಲ್ಲ. ಅಮ್ಮಮ್ಮನ ಮಾತು ಬಂತು. ಅವಳು ಮಾಡುತ್ತಿದ್ದ ಅಪ್ಪೆಹುಳಿಯ ಮಾತು ಬಂತು. ಊಟದ ಹೊತ್ತಿಗೆ ಚಿಕ್ಕಿ ಬಟ್ಟಲು ಇಡಲು ಹೋದಳು. ಚಿಕ್ಕಪ್ಪ ಬೇಡ ಅಂತ ಹೇಳಿ, ತಾನೇ ಹಿತ್ತಲಿಗೆ ಹೋಗಿ ಬಾಳೆ ಎಲೆ ಕೊಯ್ದು ತಂದ. ಒರೆಸಿ ಹಾಕಿದ. ಅಣ್ಣನ ಪಕ್ಕದಲ್ಲೇ ತಾನೂ ಕೂತ, ಚಕ್ಕಳಮಕ್ಕಳ ಹಾಕಲು ಮೊಣಕಾಲು ಬಗ್ಗದಿದ್ದರೂ. ಸಾರು ಆಯಿತು, ಹುಳಿ ಆಯಿತು, ಪಾಯಸ ಆಯಿತು. ಪಾಯಸ ಆದ ಮೇಲೆ ಇಬ್ಬರ ಮಾತೂ ಕಡಿಮೆಯಾಯಿತು. ಚಿಕ್ಕಿ ಮಜ್ಜಿಗೆಯ ಪಾತ್ರೆ ತಂದಳು. "ಅಣ್ಣಂಗೆ ಹಾಕು ಮೊದಲು" ಅಂದ ಚಿಕ್ಕಪ್ಪ. ಅಪ್ಪಯ್ಯ ಬಾಳೆಯ ಮೇಲೆ ಅನ್ನ ಗುಂಡಿ ಮಾಡುತ್ತ, ತಲೆ ಎತ್ತದೆ, "ಇಬ್ರಿಗೂ ಹಾಕು" ಅಂದ.

ಮಜ್ಜಿಗೆ ಅನ್ನ ಉಂಡು ಮುಗಿದ ಮೇಲೂ ಇಬ್ಬರೂ ಏಳಲಿಲ್ಲ. ಕೈ ಒಣಗಿ ಹೋಗುವವರೆಗೂ ಈ ಸಲದ ಕೊಳೆರೋಗದ ಸುದ್ದಿ ಮಾತಾಡುತ್ತ ಕೂತಿದ್ದರು.